ನಮ್ಮ ತಟ್ಟೆಯ ಪ್ರಶ್ನೆಗೆ ಉತ್ತರ ಹುಡುಕಿದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ

ಪಂಪ ಊಟ ಮಾಡುವಾಗ ಸಾರಿಗೆ ಖಾರ ಯಾವುದು ಹಾಕುತ್ತಿದ್ದರು? ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ ಮೆಣಸಿನಕಾಯಿ ಇತ್ತೇ? ಹಕ್ಕಬುಕ್ಕರು ಕಡಲೆಕಾಯಿ ತಿಂದಿದ್ದರೇ?

ಇಂಥ ಪ್ರಶ್ನೆಯನ್ನು ಊರ ಕಟ್ಟೆಯ ಮೇಲೆ ಕೇಳಿದರೆ ಜನ ನಗಬಹುದು. ಮೆಣಸಿನಕಾಯಿ ಇಲ್ಲದ ಅಡುಗೆಯೂ ಉಂಟೇ ಎನ್ನಬಹುದು. ಆದರೆ ಉತ್ತರ ಖಚಿತವಾಗಿದೆ. ಪಂಪನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ, ಬಸವಣ್ಣನವರಿಗೂ ಗೊತ್ತಿರಲಿಲ್ಲ. ವಿಜಯನಗರ ಕಟ್ಟಿದವರು ಕಡಲೆಕಾಯಿಯನ್ನು ಕಂಡಿರಲಿಲ್ಲ. ಇವೆರಡೂ ಅಮೆರಿಕ ಖಂಡದ ಗಿಡಗಳು. ಕೊಲಂಬಸ್ ಅತ್ತ ಹಡಗು ತಿರುಗಿಸಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ಚುಗೀಸರ ಹಡಗುಗಳು ಬರತೊಡಗಿದ ಮೇಲೆಯೇ ಇವು ನಮ್ಮ ನೆಲಕ್ಕೆ ಇಳಿದವು.

ಸಸ್ಯಶಾಸ್ತ್ರದ ಪಂಡಿತರಿಗೆ ಇದು ಹಳೆಯ ಸಂಗತಿ. ಆದರೆ ಪಂಡಿತರ ಸಂಗತಿ ನಮ್ಮ ನಿಮ್ಮ ಮನೆಗೆ ಬರಬೇಕಲ್ಲ! ಅದನ್ನು ಕನ್ನಡದ ಓದುಗರ ಮುಂದೆ ಕಥೆಯ ಹಾಗೆ ಬಡಿಸಿದವರು ಡಾ. ಬಿ.ಜಿ.ಎಲ್. ಸ್ವಾಮಿ. ಆ ಪುಸ್ತಕದ ಹೆಸರೇ ಎಲ್ಲವನ್ನೂ ಹೇಳುತ್ತದೆ: ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ.

ಮನೆ ಮತ್ತು ಓದು

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಬೇರೆ ಯಾರೂ ಅಲ್ಲ, ಮಂಕುತಿಮ್ಮನ ಕಗ್ಗ ಬರೆದ ಡಿ.ವಿ.ಜಿ. ಅವರ ಊರು ಕೋಲಾರ ಸೀಮೆಯ ಮುಳಬಾಗಿಲು. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಗಡಿಯ ಊರು. ಸ್ವಾಮಿ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡರು. ಪುಸ್ತಕ, ಪತ್ರಿಕೆ, ಹಳೆಯ ಕಾವ್ಯ, ಮನೆಗೆ ಬಂದು ಹೋಗುವ ವಿದ್ವಾಂಸರು, ಇವುಗಳ ನಡುವೆ ಬೆಳೆದರು.

ಆ ಕಾಲವನ್ನೂ ಸ್ವಲ್ಪ ನೆನೆಯಬೇಕು. ಸ್ವಾಮಿ ಹುಟ್ಟಿದ ವರ್ಷವೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರರು ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆ ಶುರುಮಾಡಿದರು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಕಾಲೇಜಿನ ವಿದ್ಯೆ ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯಬಾರದು ಎಂಬುದು ಅವರ ಆಸೆ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಆ ಆಸೆ ಬಾಳಿತು.

ಸ್ವಾಮಿ ಓದಿದ್ದೂ ಅದೇ ಸೆಂಟ್ರಲ್ ಕಾಲೇಜಿನಲ್ಲಿ, ಸಸ್ಯಶಾಸ್ತ್ರ. ಮೊದಲ ಸಂಶೋಧನೆಗೆ ಅವರು ಆರಿಸಿಕೊಂಡದ್ದು ಆರ್ಕಿಡ್ ಗಿಡಗಳನ್ನು. ನಮ್ಮ ಮಲೆನಾಡಿನಲ್ಲಿ ಸೀತಾಳೆ ದಂಡೆ ಎನ್ನುತ್ತಾರಲ್ಲ, ಆ ಜಾತಿ. ಮರದ ಕೊಂಬೆಯ ಮೇಲೆ ಕುಳಿತು ಹೂ ಬಿಡುವ ಈ ಗಿಡವನ್ನು ಬೀಜ ಬಿತ್ತಿ ಬೆಳೆಯಲು ಹೋದರೆ ಸುಲಭವಾಗಿ ಬೆಳೆಯುವುದಿಲ್ಲ. ಯಾಕೆ? ಅದರ ಬೀಜ ಧೂಳಿನ ಕಣದಷ್ಟು ಸಣ್ಣದು. ರಾಗಿ, ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಒಳಗೇ ಕಟ್ಟಿಟ್ಟಿರುತ್ತದೆ. ಸೀತಾಳೆಯ ಬೀಜದಲ್ಲಿ ಆ ಬುತ್ತಿ ಇಲ್ಲ. ತಕ್ಕ ಶಿಲೀಂಧ್ರವೊಂದು ಬಂದು ಸೇರಿ ಊಟ ಕೊಟ್ಟರೆ ಮಾತ್ರ ಕಾಡಿನಲ್ಲಿ ಅದು ಮೊಳೆಯುತ್ತದೆ. ಇಂಥ ಬೀಜದೊಳಗೆ ಭ್ರೂಣ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಸ್ವಾಮಿ ಸೂಕ್ಷ್ಮದರ್ಶಕದ ಕೆಳಗೆ ಹಂತ ಹಂತವಾಗಿ ನೋಡಿ ಚಿತ್ರ ಬರೆದರು. ಒಂದಲ್ಲ ಎರಡಲ್ಲ, ಹಲವಾರು ಜಾತಿಗಳನ್ನು ಹೀಗೆ ನೋಡಿದರು.

ಅವರೆಕಾಯಿಯೂ ಹಾರ್ವರ್ಡೂ

ಈ ಕೆಲಸ ಅವರನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯಿತು. ಅಲ್ಲಿ ಇರ್ವಿಂಗ್ ಬೈಲಿ ಎಂಬ ದೊಡ್ಡ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. 1951ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಒಂದು ಲೇಖನ ಸಸ್ಯಶಾಸ್ತ್ರದಲ್ಲಿ ಹೆಸರುವಾಸಿ.

ಅದರಲ್ಲಿ ಇರುವುದೇನು? ಅಡುಗೆಮನೆಯಿಂದ ಒಂದು ಅವರೆಕಾಯಿ ತಂದು ಬಿಡಿಸಿ ನೋಡಿ. ಒಂದು ಅಂಚಿನಲ್ಲಿ ಕಾಯಿ ಸಲೀಸಾಗಿ ಬಿಚ್ಚುತ್ತದೆ, ಕಾಳುಗಳು ಆ ಅಂಚಿಗೇ ಅಂಟಿಕೊಂಡಿರುತ್ತವೆ. ಪೂರ್ತಿ ಬಿಚ್ಚಿ ಅಗಲಿಸಿದರೆ ಅದು ನಡುವೆ ನರವಿರುವ ಒಂದು ಎಲೆಯ ಹಾಗೆ ಕಾಣುತ್ತದೆ. ಹೂವಿನ ನಡುವೆ ಇದ್ದು ಮುಂದೆ ಕಾಯಿಯಾಗುವ ಭಾಗ ಮೂಲದಲ್ಲಿ ಉದ್ದಕ್ಕೆ ಮಡಿಸಿದ ಎಲೆಯಂಥದ್ದು ಎಂಬುದು ಬೈಲಿ ಮತ್ತು ಸ್ವಾಮಿಯವರ ವಾದ. ಫಿಜಿ ದ್ವೀಪದ ಡಿಜಿನೀರಿಯದಂಥ ಕೆಲವು ಮರಗಳಲ್ಲಿ ಈ ಮಡಿಕೆಯ ಅಂಚುಗಳು ಇನ್ನೂ ಪೂರ್ತಿ ಬೆಸೆದುಕೊಂಡಿಲ್ಲ. ಬೇರೆ ಗಿಡಗಳಲ್ಲಿ ಬೆಸುಗೆ ಗಟ್ಟಿಯಾಗುತ್ತಾ ಹೋಗಿದೆ. ಹೂ ಬಿಡುವ ಗಿಡಗಳ ವಂಶಾವಳಿ ಬರೆಯುವವರಿಗೆ ಇದು ದೊಡ್ಡ ಸುಳಿವಾಯಿತು.

ಇನ್ನೊಂದು ಕೆಲಸವೂ ಉಂಟು. ಸಾಮಾನ್ಯವಾಗಿ ಹೂ ಬಿಡುವ ಮರಗಳ ಕಟ್ಟಿಗೆಯಲ್ಲಿ ನೀರು ಹರಿಯಲು ಸಣ್ಣ ಕೊಳವೆಗಳು ಇರುತ್ತವೆ. ಈ ಕೊಳವೆ ಇಲ್ಲದ ಗಿಡಗಳು ಬಲು ಅಪರೂಪ. ಸಾರ್ಕಾಂಡ್ರ ಎಂಬ ಸಣ್ಣ ಗಿಡ ಅಂಥದ್ದು ಎಂದು 1950ರಲ್ಲಿ ಸ್ವಾಮಿ ಮತ್ತು ಬೈಲಿ ತೋರಿಸಿದರು. ದಕ್ಷಿಣ ಭಾರತದಲ್ಲಿ ಸಿಕ್ಕ ಅದರ ಒಂದು ಹೊಸ ಜಾತಿಗೆ ಸ್ವಾಮಿ ತಮ್ಮ ಗುರುವಿನ ಹೆಸರನ್ನೇ ಇಟ್ಟರು. ಮುಂದೆ 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಈ ಕುಲದ ಗಿಡದ ಬೇರಿನಲ್ಲಿ ಕೊಳವೆಗಳಿವೆ ಎಂದು ಕಂಡುಕೊಂಡರು. ವಿಜ್ಞಾನದಲ್ಲಿ ಹೀಗೆ ತಿದ್ದುವುದು ಸಹಜ, ಅದರಿಂದ ಮೊದಲು ನೋಡಿದವರ ಮರ್ಯಾದೆಗೆ ಕುಂದಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಸ್ವಾಮಿಯವರ ಹೆಸರು ಉಳಿಯುತ್ತಿತ್ತು. ಆದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ. ಅವರ ಲೇಖನ ಓದಬಲ್ಲವರು ಲೋಕದಲ್ಲೆಲ್ಲಾ ಸೇರಿ ಒಂದು ಸಣ್ಣ ಗುಂಪು. ಆ ಗಿಡಗಳ ನಡುವೆಯೇ ಬದುಕುವ ನಮ್ಮ ರೈತನಿಗೆ, ದನಗಾಹಿಗೆ, ನಾಟಿ ವೈದ್ಯನಿಗೆ ಅದರಿಂದ ಏನು ಸಿಕ್ಕಂತಾಯಿತು?

ಮದರಾಸಿನ ಕನ್ನಡ ಮೇಷ್ಟ್ರು

1953ರಲ್ಲಿ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. 1840ರಲ್ಲಿ ಶುರುವಾದ, ಸಮುದ್ರದ ದಂಡೆಯ ಹಳೆಯ ಕಾಲೇಜು ಅದು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಸುತ್ತ ತಮಿಳು, ಪಾಠ ಇಂಗ್ಲಿಷ್, ಬರೆಯುವುದು ಕನ್ನಡ! ಗಡಿಯಾಚೆ ಇರುವ ನಮಗೆ ಈ ಪಾಡು ಹೊಸದಲ್ಲ. ಕಚೇರಿಗೆ ಒಂದು ಭಾಷೆ, ಸಂತೆಗೆ ಒಂದು ಭಾಷೆ, ಮನೆಗೆ ಒಂದು ಭಾಷೆ. ಮನೆಯ ಭಾಷೆಯಲ್ಲಿ ಗಂಭೀರ ವಿಷಯ ಹೇಳಲು ಆಗುವುದಿಲ್ಲ ಎಂದು ನಾವೇ ಎಷ್ಟೋ ಸಲ ಕೈಬಿಡುತ್ತೇವೆ. ಸ್ವಾಮಿ ಕೈಬಿಡಲಿಲ್ಲ.

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತುವುದು ಅವರ ಕೆಲಸದ ಭಾಗವಾಗಿತ್ತು. ಆ ಪ್ರವಾಸಗಳೇ ಹಸಿರು ಹೊನ್ನು ಎಂಬ ಪುಸ್ತಕವಾದವು. ಹುಡುಗರ ತುಂಟತನ, ದಾರಿ ತಪ್ಪುವುದು, ಊಟಕ್ಕೆ ಪರದಾಟ ಎಲ್ಲಾ ಅದರಲ್ಲಿದೆ. ನಗುತ್ತಾ ಓದುತ್ತಿರುವಾಗಲೇ ಒಂದು ಗಿಡ ಎದುರಾಗುತ್ತದೆ. ಅದರ ಕನ್ನಡದ ಹೆಸರೇನು, ಹಳೆಯ ಕವಿ ಅದನ್ನು ಹೇಗೆ ಕಂಡ, ಹಳ್ಳಿಯವರು ಯಾವುದಕ್ಕೆ ಬಳಸುತ್ತಾರೆ, ವಿಜ್ಞಾನ ಏನು ಹೇಳುತ್ತದೆ ಎಲ್ಲವೂ ಒಟ್ಟಿಗೆ ಬರುತ್ತವೆ. ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿ.ವಿ.ಜಿ.ಯವರಿಗೆ 1967ರಲ್ಲಿ ಇದೇ ಪ್ರಶಸ್ತಿ ಬಂದಿತ್ತು. ತಂದೆಗೆ ಗೀತೆಯ ತಾತ್ಪರ್ಯಕ್ಕೆ, ಮಗನಿಗೆ ಗಿಡಮರಗಳ ಕಥೆಗೆ!

ಸ್ವಾಮಿ ಇಷ್ಟಕ್ಕೆ ಸುಮ್ಮನಾಗಲಿಲ್ಲ. ಹಣ್ಣುಗಳ ಬಗ್ಗೆ ಫಲಶ್ರುತಿ ಬರೆದರು. ಶಿಲಾಶಾಸನಗಳಲ್ಲಿ ಯಾವ ಯಾವ ಮರಗಳ ಹೆಸರು ಬರುತ್ತದೆ ಎಂದು ಹುಡುಕಿ ಶಾಸನಗಳಲ್ಲಿ ಗಿಡಮರಗಳು ಬರೆದರು. ಕಾಲೇಜುಗಳ ಒಳರಾಜಕೀಯವನ್ನು ಗೇಲಿ ಮಾಡಿ ಕಾಲೇಜು ರಂಗ ಬರೆದರು. ಇದನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಸಿನಿಮಾ ಮಾಡಿದರು.

ಹೆಸರಿನೊಳಗೆ ಅಡಗಿದ ಹಡಗು

ಈಗ ಮತ್ತೆ ಹೊಟ್ಟೆಯ ವಿಷಯಕ್ಕೆ ಬರೋಣ. ಒಂದು ಬೆಳೆ ಎಲ್ಲಿಂದ ಬಂತು ಎಂದು ವಿಜ್ಞಾನಿಗಳು ಹೇಗೆ ಹೇಳುತ್ತಾರೆ? ಮುಖ್ಯವಾಗಿ ಮೂರು ದಾರಿ. ಅದರ ಕಾಡು ಜಾತಿಯ ನೆಂಟರು ಎಲ್ಲಿ ಬೆಳೆಯುತ್ತಾರೆ ನೋಡುವುದು, ಹಳೆಯ ನೆಲ ಅಗೆದಾಗ ಅದರ ಕಾಳು, ತೊಗಟೆ ಎಲ್ಲಿ ಸಿಗುತ್ತದೆ ನೋಡುವುದು, ಹಳೆಯ ಬರಹಗಳಲ್ಲಿ ಅದರ ಹೆಸರು ಯಾವಾಗಿನಿಂದ ಕಾಣುತ್ತದೆ ನೋಡುವುದು. ಈಗ ವಂಶವಾಹಿಗಳ ಪರೀಕ್ಷೆಯೂ ಸೇರಿದೆ. ಆಲೂಗಡ್ಡೆಯ ತವರು ಪೆರು ದೇಶದ ಬೆಟ್ಟಗಳು. ಕಡಲೆಕಾಯಿಯದು ಬೊಲಿವಿಯ, ಅರ್ಜೆಂಟೀನದ ಕಡೆ. ಗೇರು ಬ್ರೆಜಿಲಿನದು. ನಾವು ಬೆಳೆಯುವ ಸಾಮಾನ್ಯ ಮೆಣಸಿನಕಾಯಿಯನ್ನು ಮೊದಲು ಸಾಗುವಳಿಗೆ ತಂದದ್ದು ಮೆಕ್ಸಿಕೊದವರು. ಟೊಮೆಟೊ, ಸೀಬೆ, ಅನಾನಸು, ಸೀತಾಫಲ, ಹೊಗೆಸೊಪ್ಪು ಎಲ್ಲವೂ ಆ ಖಂಡದಿಂದಲೇ ಬಂದವು.

ಎರಡು ಭಾಷೆ ಬಲ್ಲ ಗಡಿನಾಡಿನವರಿಗೆ ಇಲ್ಲಿ ಒಂದು ಅನುಕೂಲವಿದೆ. ಹೆಸರುಗಳ ಗುಟ್ಟು ನಮಗೆ ಬೇಗ ತಿಳಿಯುತ್ತದೆ. ಮೊದಲು ನಮ್ಮ ನಾಡಿನ ಖಾರ ಎಂದರೆ ಬಳ್ಳಿಯಲ್ಲಿ ಬೆಳೆಯುವ ಕಾಳು, ಮೆಣಸು. ಹೊಸ ಕಾಯಿ ಬಂದಾಗ ಕನ್ನಡದಲ್ಲಿ ಅದನ್ನು ಮೆಣಸಿನಕಾಯಿ ಎಂದರು. ತಮಿಳಿನವರು ಮಿಳಗಿನಿಂದ ಮಿಳಗಾಯ್ ಮಾಡಿದರು. ತೆಲುಗಿನಲ್ಲಿ ಮಿರಿಯಾಲ ಪಕ್ಕ ಮಿರಪಕಾಯ ಬಂತು. ಮರಾಠಿಯಲ್ಲಿ ಮಿರೀ ಇದ್ದಲ್ಲಿ ಮಿರಚಿ ಬಂತು. ಕಡೆಗೆ ಹೊಸಬನೇ ಮನೆಯ ಯಜಮಾನನಾದ, ಹಳೆಯ ಮೆಣಸಿಗೆ ಗುರುತಿಗಾಗಿ ಬೇರೆ ಹೆಸರು ಬೇಕಾಯಿತು. ಕಾಸರಗೋಡಿನ ಕಡೆ ಕನ್ನಡದಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆಮುಂಚಿ, ಮಲಯಾಳದಲ್ಲಿ ನಲ್ಲಮುಳಕು. ಮೂರಕ್ಕೂ ಅರ್ಥ ಒಂದೇ!

ಪರಂಗಿ ಎಂಬ ಮಾತು ನೋಡಿ. ಫರಂಗಿಯವರು ತಂದದ್ದು ಎಂದು ಅರ್ಥ. ಕನ್ನಡದಲ್ಲಿ ಪರಂಗಿ ಹಣ್ಣು ಎಂದರೆ ಪಪ್ಪಾಯಿ. ತಾಳವಾಡಿ, ಹೊಸೂರಿನ ತಮಿಳರಿಗೆ ಪರಂಗಿಕ್ಕಾಯ್ ಎಂದರೆ ಕುಂಬಳದ ಜಾತಿಯ ತರಕಾರಿ. ಮಲಯಾಳದಲ್ಲಿ ಪರಂಗಿಮಾವು ಎಂದರೆ ಗೇರುಮರ. ಮೂರು ಭಾಷೆಗಳಲ್ಲಿ ಮೂರು ಬೇರೆ ಬೇರೆ ವಸ್ತು, ಮೂರೂ ಅಮೆರಿಕದ್ದೇ. ಕಡಲೆಕಾಯಿಗೆ ಮಲಯಾಳದಲ್ಲಿ ಕಪ್ಪಲಂಡಿ ಎಂಬ ಹೆಸರಿದೆ. ಕಪ್ಪಲ್ ಎಂದರೆ ಹಡಗು. ಮರಾಠಿಯ ಬಟಾಟಾ, ಕಾಜು ನೇರವಾಗಿ ಪೋರ್ಚುಗೀಸರ ಬಾಯಿಂದ ಬಂದವು.

ಕಡಲೆಕಾಯಿಗೆ ರಾಯದುರ್ಗ, ಮಡಕಶಿರದ ಕಡೆ ತೆಲುಗಿನಲ್ಲಿ ವೇರುಶೆನಗ ಎನ್ನುತ್ತಾರೆ, ಅಂದರೆ ಬೇರಿನ ಕಡಲೆ. ಆದರೆ ಅದು ಬೇರಲ್ಲ! ಹೂ ಬಿಡುವುದು ನೆಲದ ಮೇಲೆ. ಹೂ ಕಟ್ಟಿದ ಮೇಲೆ ಅದರ ಬುಡದಿಂದ ಒಂದು ಸೂಜಿ ಹೊರಟು ಮಣ್ಣೊಳಗೆ ಇಳಿದು ಅಲ್ಲಿ ಕಾಯಿಯಾಗುತ್ತದೆ. ಹೂ ಬಿಡುವ ಹೊತ್ತಿಗೆ ನೆಲ ಕಲ್ಲಿನಂತೆ ಗಟ್ಟಿಯಾಗಿದ್ದರೆ ಸೂಜಿ ಇಳಿಯುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಆ ಸಮಯಕ್ಕೆ ಮಳೆ ಕೈಕೊಟ್ಟರೆ ಎಷ್ಟು ನಷ್ಟ ಎಂದು ಅಲ್ಲಿನ ರೈತರಿಗೆ ಯಾರೂ ಹೇಳಬೇಕಾಗಿಲ್ಲ. ಯಾಕೆ ಎಂಬುದನ್ನು ಹೇಳುವುದು ಸಸ್ಯಶಾಸ್ತ್ರ.

ಸೋಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳ ಶೇಂಗಾ ಚಟ್ನಿಯನ್ನೇ ತೆಗೆದುಕೊಳ್ಳಿ. ನಮ್ಮದೇ ನೆಲದ ರುಚಿ ಎಂದು ಊರಿಗೆ ಬಂದವರಿಗೆ ಕಟ್ಟಿ ಕೊಡುತ್ತೇವೆ. ಶೇಂಗಾ ಅಮೆರಿಕದ್ದು, ಖಾರವೂ ಅಮೆರಿಕದ್ದು. ಜೊತೆಗಿನ ಜೋಳದ ರೊಟ್ಟಿ? ಜೋಳ ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಹಾಗಾದರೆ ಚಟ್ನಿ ನಮ್ಮದಲ್ಲವೇ? ಖಂಡಿತ ನಮ್ಮದೇ. ಬೀಜ ಹೊರಗಿನದು, ಅದನ್ನು ಬೆಳೆದು, ಹುರಿದು, ಕುಟ್ಟಿ ಈ ರುಚಿಗೆ ತಂದ ಕೈ ನಮ್ಮದು.

ಕುಟುಕಿದ ಪುಸ್ತಕ

ಸ್ವಾಮಿಯವರ ಬಗ್ಗೆ ಹೇಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ಮದರಾಸಿನ ಅನುಭವವನ್ನು ಅವರು ತಮಿಳು ತಲೆಗಳ ನಡುವೆ ಎಂಬ ಪುಸ್ತಕದಲ್ಲಿ ಬರೆದರು. ತಮಿಳು ಸಾಹಿತ್ಯವನ್ನು ಎಲ್ಲಕ್ಕಿಂತ ಹಳೆಯದು ಎಂದು ಹೇಳುವ ವಾದಗಳನ್ನು ಅದರಲ್ಲಿ ಕಟುವಾಗಿ ಗೇಲಿ ಮಾಡಿದರು. ಆಧಾರ ತೋರಿಸಿ, ಆಮೇಲೆ ಹೆಮ್ಮೆಪಡಿ ಎಂಬುದು ಅವರ ಹಟ. ಹಟ ನ್ಯಾಯವಾದದ್ದೇ. ಆದರೆ ಆ ಗೇಲಿ ತಮಿಳು ಮಿತ್ರರಿಗೆ ಹಿತವಾಗುವಂಥದ್ದಲ್ಲ. ಕನ್ನಡಿಗರು ಕೆಲವರು ಅದನ್ನು ಪಕ್ಕದವರನ್ನು ನೋಡಿ ನಗಲು ಮಾತ್ರ ಓದಿದರೆ ಅದೂ ಸರಿಯಲ್ಲ. ಕಾಲ ನಿರ್ಣಯದ ಚರ್ಚೆಯೂ ಅಲ್ಲಿಗೇ ನಿಂತಿಲ್ಲ. ಮಧುರೆಯ ಹತ್ತಿರದ ಕೀಳಡಿಯಲ್ಲಿ ಸಿಕ್ಕ ವಸ್ತುಗಳು ಕ್ರಿ.ಪೂ. 6ನೇ ಶತಮಾನದಷ್ಟು ಹಳೆಯವು ಎಂದು ತಮಿಳುನಾಡು ಪುರಾತತ್ವ ಇಲಾಖೆ 2019ರಲ್ಲಿ ಪ್ರಕಟಿಸಿತು, ಆ ಬಗ್ಗೆ ವಿದ್ವಾಂಸರ ನಡುವೆ ವಾದವಿದೆ.

ಆದರೆ ಇಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ನಿಮ್ಮ ಹೆಮ್ಮೆಗೆ ಆಧಾರವೇನು ಎಂದು ಪಕ್ಕದವರನ್ನು ಕೇಳಿದ ಅದೇ ಸ್ವಾಮಿ, ಕನ್ನಡಿಗರ ತಟ್ಟೆಯನ್ನೂ ಬಿಡಲಿಲ್ಲ. ನಿಮ್ಮ ಸಾರು, ಪಲ್ಯ, ಚಟ್ನಿ ಎಷ್ಟು ನಿಮ್ಮದು ಎಂದು ಕೇಳಿದರು. ನಮ್ಮ ಕಾಲೇಜುಗಳ ಹುಳುಕನ್ನೂ ಬರೆದರು. ಪ್ರಶ್ನೆ ಎಲ್ಲರಿಗೂ ಒಂದೇ. ಪ್ರಶ್ನೆ ಕೇಳುವವನು ತನ್ನ ಮನೆಯನ್ನು ಹೊರಗಿಟ್ಟು ಕೇಳಿದರೆ ಅದು ಜಗಳವಾಗುತ್ತದೆ, ತನ್ನ ಮನೆಯಿಂದಲೇ ಶುರುಮಾಡಿದರೆ ವಿದ್ಯೆಯಾಗುತ್ತದೆ. ದಿನವೂ ಎರಡು ಭಾಷೆಯ ನಡುವೆ ಬಾಳುವ ನಮಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ಯಾರ ಭಾಷೆ ಹಳೆಯದು, ಯಾವ ಊರು ಯಾರದು ಎಂಬ ವಾದ ಎದ್ದಾಗಲೆಲ್ಲ ಎರಡೂ ಕಡೆಯವರ ತಟ್ಟೆಯಲ್ಲಿ ಅದೇ ಮೆಣಸಿನಕಾಯಿ ಇರುತ್ತದೆ.

ಉಳಿದದ್ದು

ಮದರಾಸಿನ ಕೆಲಸ ಮುಗಿದ ಮೇಲೆ ಸ್ವಾಮಿ ಮೈಸೂರಿನ ಮಾನಸಗಂಗೋತ್ರಿಗೆ ಬಂದರು. ಅಲ್ಲಿನ ದಿನಗಳು ಮೈಸೂರು ಡೈರಿ ಎಂಬ ಪುಸ್ತಕದಲ್ಲಿವೆ. 1980ರ ನವೆಂಬರ್ 2ರಂದು ಅವರು ತೀರಿಕೊಂಡರು. ವಯಸ್ಸು ಇನ್ನೂ 62.

ಅವರು ಹೋಗಿ ನಾಲ್ಕು ದಶಕಗಳು ದಾಟಿವೆ. ಸಂಶೋಧನೆ ನೂರು ಪಟ್ಟು ಹೆಚ್ಚಿದೆ ಎನ್ನುವ ಹಾಗೆ ಕಾಣುತ್ತದೆ, ಆದರೆ ಅದು ಹಳ್ಳಿಯ ಬಾಗಿಲಿಗೆ ಬರುವ ದಾರಿ ಇನ್ನೂ ಕಿರಿದು. ಕೃಷಿ ವಿಶ್ವವಿದ್ಯಾಲಯದ ವರದಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಸರ್ಕಾರದ ಕಾಗದ ರಾಜ್ಯದ ಭಾಷೆಯಲ್ಲಿ. ಗಡಿಯ ಕನ್ನಡ ಶಾಲೆಯ ಮಗುವಿಗೆ ತನ್ನ ಭಾಷೆ ಹಾಡಿಗೆ, ಹಬ್ಬಕ್ಕೆ ಸಾಕು, ವಿಜ್ಞಾನಕ್ಕೆ ಆಗದು ಎನಿಸಿಬಿಟ್ಟರೆ ತಪ್ಪು ಮಗುವಿನದಲ್ಲ. ಹಾರ್ವರ್ಡಿಗೆ ಹೋಗಿ ಬಂದ ಸ್ವಾಮಿ, ಮದರಾಸಿನಲ್ಲಿ ಕುಳಿತು, ಯಾರೂ ಕೇಳದೆ ಇದ್ದರೂ, ಆ ಅನುಮಾನವನ್ನು ತಮ್ಮ ಬರಹದಿಂದಲೇ ಸುಳ್ಳು ಮಾಡಿದರು.

ಅವರ ಪುಸ್ತಕಗಳು ಊರ ಗ್ರಂಥಾಲಯದಲ್ಲಿ ಸಿಕ್ಕರೆ ತಂದು ಓದಿ. ಸಿಗದಿದ್ದರೆ ತರಿಸಿಕೊಡಿ ಎಂದು ಕೇಳಿ. ಅಲ್ಲಿಯವರೆಗೆ ಇನ್ನೊಂದು ಕೆಲಸ ಮಾಡಬಹುದು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳ ಹತ್ತಿರ ತಟ್ಟೆಯಲ್ಲಿರುವ ಒಂದೊಂದು ಪದಾರ್ಥದ ಹೆಸರನ್ನು ನಿಮಗೆ ಬರುವ ಎರಡೂ ಭಾಷೆಗಳಲ್ಲಿ ಹೇಳಿಸಿ. ಎಲ್ಲಿ ಹೆಸರು ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ, ಎಲ್ಲಿ ಹಡಗು, ಫರಂಗಿ ಕಾಣಿಸುತ್ತದೆ ಹುಡುಕಲಿ. ಸಸ್ಯಶಾಸ್ತ್ರದ ಮೊದಲ ಪಾಠ ಅಲ್ಲೇ ಶುರುವಾಗುತ್ತದೆ.